ಉತ್ತರದ ಗೋಡೆಯ ನಲ್ಲಿ

ಜನವರಿ 14, ಮಂಗಳವಾರ

ಈ ದಿನಚರಿ ಪುಸ್ತಕ ಪಕ್ಕದ ಮನೆಯ ಸ್ಟೂರೆ ಕೊಟ್ಟದ್ದು. ಅವನು ಮರದ ದಿಮ್ಮಿಯ ಲಾರಿ ಓಡಿಸುವುದನ್ನು ನಿಲ್ಲಿಸಿ ಎಷ್ಟೋ ವರ್ಷವಾಯಿತು, ಕಂಪನಿಯವರು ಮಾತ್ರ ಹೊಸ ವರ್ಷಕ್ಕೆ ಈಗಲೂ ಒಂದು ದಿನಚರಿ ಕಳಿಸುತ್ತಾರೆ. "ಬಾಯಿ ಬಿಡಲ್ಲ ಅಂದ್ರೆ ಬರಿಯಾದ್ರೂ ಬರಿ ಮಾರಾಯ" ಎಂದು ಮೇಜಿನ ಮೇಲೆ ಎಸೆದು ಹೋದ.

ಹಿಂದೆಲ್ಲ ಭಾನುವಾರ ಬಂತೆಂದರೆ ಅಕ್ಕನಿಗೆ ಕಾಗದ ಬರೆಯುತ್ತಿದ್ದೆ. ಅಕ್ಕ ತೀರಿಕೊಂಡ ಮೇಲೆ ಪೆನ್ನು ಹಿಡಿದದ್ದು ಅಂಗಡಿ ಚೀಟಿಗೆ ಮಾತ್ರ. ಬರೆಯುವಂಥದ್ದು ಈಗ ಏನಿದೆ. ನನ್ನ ಹೆಂಡತಿ ದಾಗ್ನಿ ಆಸ್ಪತ್ರೆಯಲ್ಲಿದ್ದಾಳೆ. ಕ್ರಿಸ್‌ಮಸ್‌ಗೆ ಮುಂಚೆ ಒಂದು ಬೆಳಿಗ್ಗೆ ಸಿಂಕಿನ ಮುಂದೆ ನಿಂತಿದ್ದವಳು ಹಾಗೇ ಪಕ್ಕಕ್ಕೆ ಜಾರಿದಳು. ಬಲಗೈ, ಬಲಗಾಲು ಹೋದವು. ಮಾತೂ ಹೋಯಿತು. ನಾನು ಓಡಿ ಬಂದಾಗ ನಲ್ಲಿಯಿಂದ ನೀರು ನೂಲಿನಂತೆ ಹರಿಯುತ್ತಿತ್ತು. ಮೊದಲು ಅದನ್ನು ಎರಡೂ ಕೈಯಲ್ಲಿ ತಿರುಗಿಸಿ ಬಿಗಿಯಾಗಿ ಮುಚ್ಚಿದೆ, ಆಮೇಲೆ ಆಂಬುಲೆನ್ಸಿಗೆ ಫೋನು ಮಾಡಿದೆ. ಯಾಕೆ ಹಾಗೆ ಮಾಡಿದೆನೋ ಗೊತ್ತಿಲ್ಲ.

ಅವತ್ತಿನಿಂದ ನಲ್ಲಿ ತೊಟ್ಟಿಕ್ಕುತ್ತಿದೆ. ಹೊರಗೆ ಮೈನಸ್ ಇಪ್ಪತ್ತೊಂದು ಡಿಗ್ರಿ.

ಜನವರಿ 19, ಭಾನುವಾರ

ಬಸ್ಸಿನಲ್ಲಿ ಹೋದೆ, ಬಂದೆ. ದಾಗ್ನಿ ಕಿಟಕಿ ನೋಡುತ್ತಿದ್ದಳು. ನಾನೂ ನೋಡಿದೆ. ಆಸ್ಪತ್ರೆಯ ಹಿಂದೆ ಹಿಮ ತೆಗೆಯುವ ಗಾಡಿ ಹೋಯಿತು, ಮತ್ತೆ ಬಂತು.

ರಾತ್ರಿ ಊಟಕ್ಕೆ ಒಣ ರೊಟ್ಟಿ, ಮೇಲೆ ಟ್ಯೂಬಿನಿಂದ ಹಿಂಡಿದ ಮೀನುಮೊಟ್ಟೆಯ ಪೇಸ್ಟು.

ಜನವರಿ 23, ಗುರುವಾರ

ಇವತ್ತು ವಾರ್ಡಿನಲ್ಲಿ ಒಬ್ಬ ಹುಡುಗಿ ನನ್ನನ್ನು ಕೂರಿಸಿ ಮಾತಾಡಿದಳು. ಹೆಸರು ತೂವಾ. ಕೈಕಾಲು ಹೋದವರಿಗೆ ದಿನದ ಕೆಲಸಗಳನ್ನು ಮತ್ತೆ ಕಲಿಸುವುದು ಅವಳ ಉದ್ಯೋಗ. ದೇಶದ ದಕ್ಷಿಣ ತುದಿಯ ಸ್ಕೋನೆ ಕಡೆಯವಳು. ಗಂಟಲಲ್ಲಿ ಬಿಸಿ ಆಲೂಗಡ್ಡೆ ಇಟ್ಟುಕೊಂಡ ಹಾಗೆ ಮಾತು, ಆದರೆ ಮುಖ ಒಳ್ಳೆಯದು.

"ಎರಡು ದಾರಿ ಇದೆ ಎವರ್ಟ್. ದಾಗ್ನಿ ಮನೆಗೆ ಬರಬಹುದು, ಸಹಾಯಕ್ಕೆ ಜನ ಬಂದು ಹೋಗ್ತಾರೆ. ಇಲ್ಲಾಂದ್ರೆ ಪುರಸಭೆಯ ಆರೈಕೆ ಮನೆ. ಅದನ್ನ ತೀರ್ಮಾನ ಮಾಡೋದು ಪುರಸಭೆಯವರು, ಆದ್ರೆ ಅವರು ನೋಡೋದು ನನ್ನ ವರದಿ. ನಾನು ಒಂದ್ಸಲ ಅವರನ್ನ ಮನೆಗೆ ಕರ್ಕೊಂಡು ಬಂದು, ಅವರದೇ ಅಡುಗೆಮನೇಲಿ ಕಾಫಿ ಮಾಡಿಸಿ ನೋಡ್ತೀನಿ."

"ಕಾಫಿ?"

"ಸಣ್ಣ ಕೆಲಸ ಅನ್ಕೋಬೇಡಿ. ನೀರು, ಪುಡಿ, ಒಲೆ, ಯಾವುದರ ಹಿಂದೆ ಯಾವುದು ಅನ್ನೋ ಕ್ರಮ. ತಲೆ ಹೇಗೆ ಓಡ್ತಿದೆ ಅಂತ ಅದರಲ್ಲೇ ಗೊತ್ತಾಗುತ್ತೆ. ಮಾತು ಇಲ್ಲದೋರನ್ನ ಬೇರೆ ಹೇಗೆ ಕೇಳೋದು? ನಾನು ಏನು ಕೇಳಿದ್ರೂ ಅವರು ಹೌದೂ ಅನ್ನಲ್ಲ, ಇಲ್ಲಾನೂ ಅನ್ನಲ್ಲ."

ಆಮೇಲೆ ಕೇಳಿದಳು: "ನಿಮಗೆ ಅವರು ಮನೆಗೆ ಬರೋದು ಬೇಕಾ?"

"ನೀವೆಲ್ಲ ಹೇಗೆ ಹೇಳ್ತೀರೋ ಹಾಗೆ" ಎಂದೆ.

"ನಾನು ಕೇಳಿದ್ದು ಅದಲ್ಲ. ನನ್ನ ಪ್ರಶ್ನೆ ಅರ್ಥ ಆಯ್ತು ತಾನೇ?"

ನಾನು ಸ್ಸುಪ್ ಎಂದು ಉಸಿರು ಒಳಗೆಳೆದುಕೊಂಡೆ. ತೂವಾ ಕುರ್ಚಿಯಿಂದ ಅರ್ಧ ಎದ್ದೇಬಿಟ್ಟಳು. "ಏನಾಯ್ತು? ಎದೆ ನೋವಾ?"

ಪಾಪ. ನಮ್ಮ ಕಡೆ ಹೌದು ಎನ್ನುವುದು ಹೀಗೇ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಚಳಿಯಲ್ಲಿ ಬಾಯಿ ತೆರೆಯುವುದು ದಂಡ ಎಂದು ನಮ್ಮ ಅಜ್ಜಂದಿರು ಮಾಡಿಕೊಂಡದ್ದಿರಬೇಕು. ಹೇಳಿದ ಮೇಲೆ ನಕ್ಕಳು. ಬಸ್ಸಿಗೆ ಹೊತ್ತಾಯಿತೆಂದು ಎದ್ದೆ. ಅವಳ ಪ್ರಶ್ನೆ ಅಲ್ಲೇ ಉಳಿಯಿತು.

ಜನವರಿ 27, ಸೋಮವಾರ

ಸಿಂಕಿನಲ್ಲಿ ಪಾತ್ರೆ ತೊಳೆಯುವ ಬಟ್ಟೆ ಹಾಸಿದ್ದೇನೆ. ಹನಿ ಅದರ ಮೇಲೆ ಬಿದ್ದರೆ ಸದ್ದು ಕಡಿಮೆ. ಮಲಗುವುದು ಅಡುಗೆಮನೆಯ ಸೋಫಾದ ಮೇಲೆಯೇ. ಮಹಡಿಯ ಕೋಣೆ ತಣ್ಣಗಿದೆ ಎಂದು ಸ್ಟೂರೆಗೆ ಹೇಳಿದೆ. ತಣ್ಣಗೇನೂ ಇಲ್ಲ.

ಫೆಬ್ರವರಿ 1, ಶನಿವಾರ

ಸ್ಟೂರೆ ಬಂದವನೇ ಸಿಂಕಿನ ಕಡೆ ಕಿವಿಕೊಟ್ಟು ನಿಂತ.

"ಇದೇನೋ ಇದು? ನಿನ್ ಹೆಂಡ್ತಿ ಇಡೀ ಶಾಲೆ ನಲ್ಲಿಗಳನ್ನ ಒಬ್ಬಳೇ ನೋಡ್ಕೊಂಡೋಳು. ಅವಳ ಮನೇಲೇ ನಲ್ಲಿ ಸೋರ್ತಿದೆ!"

"ಪ್ಲಂಬರ್‌ಗೆ ಹೇಳ್ಬೇಕು."

"ಪ್ಲಂಬರ್? ಈ ಬಾಗಿಲೊಳಗೆ? ದಾಗ್ನಿಗೆ ಗೊತ್ತಾದ್ರೆ ಇನ್ನೊಂದು ಸಲ ಬಿದ್ಹೋಗ್ತಾಳೆ" ಎಂದ. ಎಂದ ಮೇಲೆ ತುಟಿ ಕಚ್ಚಿಕೊಂಡ. ನನಗೇನೂ ಅನ್ನಿಸಲಿಲ್ಲ. ಕಾಫಿ ಬಗ್ಗಿಸಿದೆ.

ದಾಗ್ನಿ ನಮ್ಮೂರಿನ ಶಾಲೆಯಲ್ಲಿ ರಿಪೇರಿ ಕೆಲಸದವಳಾಗಿದ್ದಳು, ನಾನು ಅದೇ ಶಾಲೆಯ ಅಡುಗೆಯವನಾಗಿದ್ದೆ. ನನ್ನ ಅಡುಗೆಮನೆಯ ಮೋರಿ ಕಟ್ಟಿಕೊಂಡಾಗ ಬಂದವಳು, ಕೆಲಸ ಮುಗಿದ ಮೇಲೂ ಬರುತ್ತಿದ್ದಳು. ಮನೆಯಲ್ಲೂ ಅದೇ ಲೆಕ್ಕ: ಸೌಟು ನನ್ನದು, ಸ್ಪ್ಯಾನರ್ ಅವಳದು.

ಸ್ಟೂರೆ ತನ್ನ ಲಾರಿಯ ಕಾಲದ ದೊಡ್ಡ ಸ್ಪ್ಯಾನರ್ ತಂದು, ಹಲ್ಲು ಕಚ್ಚಿ ನಲ್ಲಿಯ ಹಿಡಿಯನ್ನು ಇನ್ನೂ ಒಂದು ಸುತ್ತು ತಿರುಗಿಸಿದ. ಹನಿ ನಿಂತಿತು. "ನೋಡು. ಇಷ್ಟೇ. ಗಂಡಸಿನ ಕೈ ಬೀಳ್ಬೇಕು" ಎಂದು, ನಮ್ಮ ಕಡೆಯ ರೂಢಿಯಂತೆ ಚೀಸ್ ತುಂಡುಗಳನ್ನು ಕಾಫಿಗೆ ಹಾಕಿಕೊಂಡು ತಿಂದ.

ಮನೆಯಲ್ಲಿ ಸದ್ದೇ ಇಲ್ಲ.

ಫೆಬ್ರವರಿ 3, ಸೋಮವಾರ

ಮೈನಸ್ ಮೂವತ್ತು. ಬೆಳಿಗ್ಗೆ ನಲ್ಲಿ ತಿರುಗಿಸಿದರೆ ನೀರೇ ಇಲ್ಲ. ಉತ್ತರದ ಗೋಡೆಯೊಳಗೆ ಪೈಪು ಹೆಪ್ಪುಗಟ್ಟಿದೆ. ಸಿಂಕಿನ ಕೆಳಗಿನ ಕಪಾಟಿನಲ್ಲಿ ತಲೆ ತೂರಿಸಿ, ದಾಗ್ನಿ ಕೂದಲು ಒಣಗಿಸುವ ಡ್ರೈಯರ್ ಹಿಡಿದು ಮಧ್ಯಾಹ್ನದವರೆಗೆ ಮಲಗಿದ್ದೆ. ಅವಳ ಶಾಂಪೂ ವಾಸನೆ ಅದರಲ್ಲಿ ಇನ್ನೂ ಇದೆ. ಬಿಸಿ ಗಾಳಿಗೆ ಹೆಚ್ಚಾಗುತ್ತದೆ.

ಕೊನೆಗೆ ನೀರು ಕೆಮ್ಮುತ್ತ ಬಂತು. ಮುಚ್ಚಿದರೆ ಮುಚ್ಚುವುದಿಲ್ಲ, ಮೊದಲಿಗಿಂತ ಜೋರಾಗಿ ಸೋರುತ್ತಿದೆ. ಈ ಮನೆಯಲ್ಲಿ ಇಷ್ಟು ವರ್ಷ ಇದ್ದೇವೆ, ಪೈಪು ಹೀಗೆ ಕಟ್ಟಿಕೊಂಡದ್ದು ಇದೇ ಮೊದಲು.

ಫೆಬ್ರವರಿ 7, ಶುಕ್ರವಾರ

ಆಸ್ಪತ್ರೆಯಲ್ಲಿ ಅಭ್ಯಾಸಕ್ಕೆಂದೇ ಒಂದು ಅಡುಗೆಮನೆ ಇದೆ. ಎಲ್ಲ ಬಿಳಿ. ಚೂರಿಗಳೂ ಹೊಸವು. ತೂವಾ ದಾಗ್ನಿಯನ್ನು ಕಾಫಿ ಯಂತ್ರದ ಮುಂದೆ ಕೂರಿಸಿ, ನನ್ನನ್ನು ಬಾಗಿಲ ಹತ್ತಿರ ನಿಲ್ಲಿಸಿದಳು.

"ದಾಗ್ನಿ, ನಮಗೆಲ್ಲ ಒಂದೊಂದು ಲೋಟ ಕಾಫಿ ಮಾಡ್ತೀರಾ?"

ದಾಗ್ನಿ ಯಂತ್ರವನ್ನು ನೋಡಿದಳು. ಎಡಗೈಯಲ್ಲಿ ಅದನ್ನು ತಿರುಗಿಸಿ ಹಿಂಭಾಗ ನೋಡಿದಳು. ವಯರು ಎಲ್ಲಿ ಹೋಗುತ್ತದೆ ಎಂದು ನೋಡಿದಳು. ಆಮೇಲೆ ಕೈ ತೊಡೆಯ ಮೇಲಿಟ್ಟುಕೊಂಡಳು. ತೂವಾ ಪುಡಿಯ ಡಬ್ಬಿ ಮುಂದೆ ತಳ್ಳಿದಳು. ಚಮಚ ಕೊಟ್ಟಳು. ಏನೂ ಆಗಲಿಲ್ಲ.

ಹೊರಗೆ ಬಂದು ತೂವಾ ಮೆಲ್ಲಗೆ ಹೇಳಿದಳು: "ಪ್ರತಿ ಸಲ ಹೀಗೇ ಎವರ್ಟ್. ಎಲ್ಲಿಂದ ಶುರು ಮಾಡ್ಬೇಕು ಅನ್ನೋದೇ ಅವರಿಗೆ ಹೊಳೀತಿಲ್ಲ. ಸ್ವಂತ ಮನೇಲಿ ಹೊಳೆದರೂ ಹೊಳೀಬಹುದು. ಹದಿನೆಂಟನೇ ತಾರೀಕು ಕರ್ಕೊಂಡು ಬರ್ತೀನಿ. ಅಲ್ಲೂ ಆಗ್ಲಿಲ್ಲ ಅಂದ್ರೆ, ಮನೆಗೆ ಕಳಿಸಿ ಅಂತ ಬರೆಯೋಕೆ ನನಗೆ ಕಷ್ಟ."

ಸರಿ ಎಂದೆ. ಬಸ್ಸಿನಲ್ಲಿ ನಿದ್ದೆ ಬಂತು. ಇಳಿಯುವ ನಿಲ್ದಾಣ ದಾಟಿ ಮುಂದಕ್ಕೆ ಹೋಗಿ, ನಡೆದು ವಾಪಸು ಬಂದೆ.

ಫೆಬ್ರವರಿ 9, ಭಾನುವಾರ

ಸ್ಟೂರೆಗೆ ಕಾಫಿ ಪರೀಕ್ಷೆಯ ವಿಷಯ ಹೇಳಿದೆ. ಅವನು ನನ್ನ ಮುಖ ನೋಡಿದ, ಮತ್ತೆ ನೋಡಿದ, ಹೊಟ್ಟೆ ಹಿಡಿದುಕೊಂಡು ನಗತೊಡಗಿದ.

"ದಾಗ್ನಿ? ಕಾಫಿ? ಲೋ ಎವರ್ಟ್, ಅವಳು ಜೀವಮಾನದಲ್ಲಿ ಒಂದೇ ಸಲ ಕಾಫಿ ಮಾಡಿದ್ದು, ನಿನಗೆ ಮಂಗನಬಾವು ಬಂದು ಮಲಗಿದ್ದಾಗ. ಪಾಪ ಅಂತ ನಾನು ಕುಡಿದೆ. ಅದರಲ್ಲಿ ಮರಕ್ಕೆ ಬಣ್ಣ ಹೊಡೀಬಹುದಿತ್ತು!"

ನಾನು ನಗಲಿಲ್ಲ, ಆದರೆ ಲೋಟ ಕೆಳಗಿಟ್ಟೆ. ಹೌದಲ್ಲ. ಮದುವೆಯಾದಾಗಿನಿಂದ ಕಾಫಿ ನನ್ನದೇ ಕೆಲಸ. ಕೆಟಲಿನಲ್ಲಿ ನೀರು, ದಪ್ಪ ಪುಡಿ, ಮೂರು ಸಲ ಉಕ್ಕು ಬರಿಸುವುದು, ಕೆಳಗಿಳಿಸಿ ಪುಡಿ ತಳಕ್ಕೆ ಕೂರುವವರೆಗೆ ಕಾಯುವುದು. ಅವಳು ಮೇಜಿಗೆ ಬಂದು ಕೂರುತ್ತಿದ್ದಳು, ಅಷ್ಟೆ. ಹೊಳೆಯದೆ ಇದ್ದದ್ದು ಅವಳಿಗಲ್ಲ, ನನಗೆ.

"ಆ ಹುಡುಗಿಗೆ ಈಗ್ಲೇ ಫೋನ್ ಮಾಡು" ಎಂದ ಸ್ಟೂರೆ.

"ಇವತ್ತು ಭಾನುವಾರ."

"ಹಾಗಾದ್ರೆ ನಾಳೆ."

ಫೆಬ್ರವರಿ 10, ಸೋಮವಾರ

ಫೋನು ಮಾಡಲಿಲ್ಲ.

ಫೆಬ್ರವರಿ 12, ಬುಧವಾರ

ಫೋನಿನ ಹತ್ತಿರ ಹೋದೆ. ಮಹಡಿಯ ಮೆಟ್ಟಿಲು ಕಡಿದು. ಬಚ್ಚಲ ಬಾಗಿಲು ಕಿರಿದು. ನನ್ನ ಸೊಂಟವೂ ಮೊದಲಿನ ಹಾಗಿಲ್ಲ. ಆರೈಕೆ ಮನೆಯಲ್ಲಿ ಹಾಸಿಗೆ ಮೇಲೆ ಕೆಳಗೆ ಆಗುತ್ತದೆ, ಒಳ್ಳೆಯ ಜನ ಇದ್ದಾರೆ, ಕಿಟಕಿಯಿಂದ ನದಿ ಕಾಣುತ್ತದೆ. ಇದನ್ನೆಲ್ಲ ಯೋಚಿಸುತ್ತ ಫೋನಿನ ಮೇಲಿನ ಧೂಳು ಒರೆಸಿದೆ.

ಸಿಂಕಿನ ಬಟ್ಟೆ ತೋಯ್ದು ತೊಪ್ಪೆಯಾಗಿದೆ. ಹಿಂಡಿ ಮತ್ತೆ ಹಾಸಿದೆ.

ಫೆಬ್ರವರಿ 15, ಶನಿವಾರ

ಸ್ಟೂರೆ ಅಂಗಡಿಯಿಂದ ನಲ್ಲಿಗೆ ಹಾಕುವ ರಬ್ಬರ್ ವಾಷರ್ ತಂದು ಕೊಟ್ಟ. "ಸೈಜು ಕಣ್ಣಳತೆ" ಎಂದ. ಯಾರು ಹಾಕುವುದು ಎಂದು ಅವನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಫೋನು ಮಾಡಿದೆಯಾ ಎಂದ. ಸಿಗಲಿಲ್ಲ ಎಂದೆ.

ಫೆಬ್ರವರಿ 18, ಮಂಗಳವಾರ

ಮೈನಸ್ ಇಪ್ಪತ್ತೇಳು. ಹತ್ತು ಗಂಟೆಗೆ ಟ್ಯಾಕ್ಸಿ ಬಂತು. ಚಾಲಕನೂ ತೂವಾಳೂ ಸೇರಿ ದಾಗ್ನಿಯ ಗಾಲಿಕುರ್ಚಿಯನ್ನು ಮೆಟ್ಟಿಲು ಹತ್ತಿಸಿದರು. ನನ್ನ ಕೈಗೆ ಕೊಟ್ಟದ್ದು ಅವಳ ಟೊಪ್ಪಿ. ಅದನ್ನೇ ಹಿಡಿದುಕೊಂಡು ಹಿಂದೆ ಹೋದೆ.

ಅಡುಗೆಮನೆಗೆ ಬಂದವಳು ಮೊದಲು ನೋಡಿದ್ದು ಸೋಫಾದ ಮೇಲಿನ ನನ್ನ ದಿಂಬು, ಕಂಬಳಿ. ಆಮೇಲೆ ನನ್ನನ್ನು. ಆಮೇಲೆ ಸಿಂಕನ್ನು.

ತೂವಾ ಕೋಟು ಬಿಚ್ಚಿ, ಕೆಟಲು, ಪುಡಿಯ ಡಬ್ಬಿ ಮೇಜಿನ ಮೇಲೆ ಜೋಡಿಸಿದಳು. "ಈಗ ನಿಮ್ಮದೇ ಮನೆ ದಾಗ್ನಿ. ಅವಸರ ಇಲ್ಲ. ಒಂದು ಕಾಫಿ."

ದಾಗ್ನಿ ಎಡಗಾಲಿನಲ್ಲಿ ನೆಲ ಒದ್ದು ಕುರ್ಚಿಯನ್ನು ಸಿಂಕಿನವರೆಗೆ ತಳ್ಳಿಕೊಂಡು ಹೋದಳು. "ಸರಿ, ನೀರಿಂದ ಶುರು" ಎಂದು ತೂವಾ ಖುಷಿಯಾದಳು. ಆದರೆ ದಾಗ್ನಿ ಕೆಟಲು ಮುಟ್ಟಲಿಲ್ಲ. ನಲ್ಲಿಯ ಕೆಳಗಿನ ಬಟ್ಟೆಯನ್ನು ಎತ್ತಿ ನನ್ನ ಕಡೆ ಹಿಡಿದಳು. ನೀರು ಅವಳ ತೋಳಿನಿಂದ ಇಳಿಯಿತು. ಶಾಲೆಯಲ್ಲಿ ಹುಡುಗರು ಬಚ್ಚಲಿಗೆ ಕಾಗದ ತುರುಕಿದಾಗ ಅವಳು ಅದನ್ನು ಎಳೆದು ತೆಗೆದು ಹೀಗೇ ಹಿಡಿದು ನಿಲ್ಲುತ್ತಿದ್ದಳು.

"ದಾಗ್ನಿ, ಅದು ಆಮೇಲೆ. ಕಾಫಿ" ಎಂದಳು ತೂವಾ. ಪೆನ್ನಿನ ಮುಚ್ಚಳ ತೆಗೆದಳು.

ಆ ಮುಚ್ಚಳದ ಸದ್ದಿಗೆ ನನ್ನ ಬಾಯಿ ತಾನಾಗಿ ತೆರೆಯಿತು.

"ನೋಡಮ್ಮಾ, ಇವಳು ಈ ಮನೇಲಿ ಕಾಫಿ ಮಾಡಿದವಳಲ್ಲ. ಯಾವತ್ತೂ ಇಲ್ಲ. ನಾನೇ ಮಾಡೋದು."

ತೂವಾ ನನ್ನನ್ನೇ ನೋಡಿದಳು. "ಈಗ ಹೇಳ್ತೀರಾ? ಬಂದಾಗಿಂದ ಇವರಿಗೆ ಕಾಫಿ ಕಾಫಿ ಅಂತ ಪ್ರಾಣ ತಿಂದಿದ್ದೀನಿ!"

"ನೀವು ಕೇಳಲಿಲ್ಲ."

"ನೀವೂ ಹೇಳಲಿಲ್ಲ!" ಎಂದಳು. ಆಮೇಲೆ ಸ್ವರ ಇಳಿಸಿ, "ತಪ್ಪು ನಂದೇ. ಮೊದಲ ದಿನವೇ ಕೇಳಬೇಕಿತ್ತು. ಸರಿ, ಇವರು ಏನು ಮಾಡೋರು?"

ನಾನು ಉತ್ತರ ಕೊಡುವ ಮೊದಲೇ ದಾಗ್ನಿ ಕೆಳಗಿನ ಸೆಳೆಖಾನೆಯನ್ನು ಎಳೆದು, ಸ್ಪ್ಯಾನರ್ ತೆಗೆದು ನನ್ನ ಕೈಯಲ್ಲಿ ಇಟ್ಟಿದ್ದಳು.

ನಾನು ನೇರವಾಗಿ ನಲ್ಲಿಗೆ ಹಾಕಲು ಹೋದೆ. ಮಣಿಕಟ್ಟಿನ ಮೇಲೆ ಪಟ್ ಎಂದು ಒಂದು ಏಟು ಬಿತ್ತು. ಸಿಂಕಿನ ಕೆಳಗೆ ಬೆರಳು ತೋರಿಸಿದಳು. ಹೌದು, ಮೊದಲು ಕೆಳಗಿನ ವಾಲ್ವು ಮುಚ್ಚಬೇಕು, ಇಲ್ಲದಿದ್ದರೆ ನೀರು ಸೂರಿಗೆ ಹಾರುತ್ತದೆ. ಕಪಾಟಿನಲ್ಲಿ ತಲೆ ತೂರಿಸಿದೆ. ತೂವಾ ಬರೆಯುವ ಸದ್ದು ಹಿಂದಿನಿಂದ ಕೇಳುತ್ತಿತ್ತು.

ಆಮೇಲೆ ಎರಡು ಕೈ ನನ್ನದು, ಉಳಿದದ್ದು ಅವಳದು. ಅವಳು ತೋರಿಸಿದಳು, ನಾನು ತಿರುಗಿಸಿದೆ. ತಪ್ಪು ಕಡೆಗೆ ತಿರುಗಿಸಿದಾಗ ಏಟು. ಹಿಡಿ ಬಂತು, ತಿರುಪು ಬಂತು, ಒಳಗಿನ ತುಂಡು ಬಂತು. ಅದರ ತುದಿಯ ವಾಷರ್ ಜಜ್ಜಿ ಚಪ್ಪಟೆಯಾಗಿ ನಡುವೆ ಸೀಳಿತ್ತು. ದಾಗ್ನಿ ಅದನ್ನು ಹೆಬ್ಬೆರಳಲ್ಲಿ ಒತ್ತಿ ನೋಡಿದಳು, ನನ್ನ ಎರಡೂ ಕೈಗಳನ್ನು ನೋಡಿದಳು. ನನಗೆ ಗೊತ್ತಾಯಿತು. ಅವತ್ತು ಬೆಳಿಗ್ಗೆ ನಾನೇ ಬಿಗಿದು ಜಜ್ಜಿದ್ದು.

"ಸ್ಟೂರೆ ಕೂಡ ತಿರುಗಿಸಿದ" ಎಂದೆ.

ಸ್ಟೂರೆ ತಂದ ವಾಷರ್ ಕೊಟ್ಟೆ. ಒಂದು ಸಲ ನೋಡಿ ಕಸದ ಬುಟ್ಟಿಯ ಕಡೆ ಎಸೆದಳು. ಸೆಳೆಖಾನೆಯ ಮೂಲೆಯಲ್ಲಿ ಅವಳಪ್ಪನ ನಶ್ಯದ ಡಬ್ಬಿ ಇತ್ತು. ನಾನು ಅದನ್ನು ಎಷ್ಟೋ ಸಲ ಪಕ್ಕಕ್ಕೆ ತಳ್ಳಿದ್ದೇನೆ, ತೆರೆದಿರಲಿಲ್ಲ. ಅವಳು ಮುಚ್ಚಳ ತೆಗೆದರೆ ಒಳಗೆ ತುಂಬ ವಾಷರ್‌ಗಳು. ಬೆರಳಿನಲ್ಲೇ ಕೆದಕಿ ಒಂದನ್ನು ತೆಗೆದಳು. ಸರಿಯಾಗಿ ಕೂತಿತು.

ಎಲ್ಲ ಮತ್ತೆ ಜೋಡಿಸಿ ವಾಲ್ವು ತೆರೆದೆ. ನಲ್ಲಿ ಒಣಗಿ ನಿಂತಿತು. ಒಂದು ಹನಿಯೂ ಇಲ್ಲ. ತೂವಾ ಚಪ್ಪಾಳೆ ತಟ್ಟಲು ಕೈ ಎತ್ತಿದ್ದಳು.

ಆಗ ದಾಗ್ನಿ ಮುಂದೆ ಬಾಗಿ, ಎಡಗೈಯಿಂದ ನಲ್ಲಿಯನ್ನು ಕೂದಲೆಳೆಯಷ್ಟು ತಿರುಗಿಸಿದಳು. ಟಪ್. ಟಪ್. ಮತ್ತೆ ತೊಟ್ಟಿಕ್ಕತೊಡಗಿತು. ಕೈ ತೆಗೆದು ಕುರ್ಚಿಗೆ ಒರಗಿದಳು.

ತೂವಾಳ ಮುಖ ಬಿತ್ತು. "ಅಯ್ಯೋ. ಅಷ್ಟೆಲ್ಲ ಸರಿ ಮಾಡಿ, ಯಾತಕ್ಕೆ ಮಾಡ್ತಿದ್ದೀನಿ ಅನ್ನೋದೇ ಮರೆತರಾ?" ಎಂದು ನನ್ನ ಕಿವಿಯಲ್ಲಿ ಹೇಳಿ, ನಲ್ಲಿ ಮುಚ್ಚಲು ಕೈ ಚಾಚಿದಳು.

"ಮುಟ್ಟಬೇಡ!" ಎಂದೆ. ಇಷ್ಟು ಜೋರಾಗಿ ನಾನು ಮಾತಾಡಿ ತುಂಬ ದಿನವಾಗಿತ್ತು. ಹುಡುಗಿ ಬೆಚ್ಚಿದಳು.

ಕಿಟಕಿಯಾಚೆಯ ಥರ್ಮಾಮೀಟರ್ ತೋರಿಸಿದೆ. "ಮೈನಸ್ ಇಪ್ಪತ್ತೇಳು. ಪೈಪು ಉತ್ತರದ ಗೋಡೆಯೊಳಗೆ ಬರುತ್ತೆ. ಇಂಥ ಚಳೀಲಿ ನೀರು ನಿಲ್ಲಬಾರದು, ನಿಂತರೆ ಹೆಪ್ಪುಗಟ್ಟುತ್ತೆ. ಅದಕ್ಕೇ ಒಂದು ಎಳೆ ಬಿಟ್ಟಿರಬೇಕು. ಮೊನ್ನೆ ಸ್ಟೂರೆ ಪೂರ್ತಿ ಮುಚ್ಚಿದ, ಪೈಪು ಕಟ್ಟಿಕೊಳ್ತು. ಪ್ರತಿ ಚಳಿಗಾಲ ಇವಳೇ..."

ಅಷ್ಟಕ್ಕೇ ನಿಲ್ಲಿಸಿ ದಾಗ್ನಿಯ ಕಡೆ ತಿರುಗಿದೆ. ಅವತ್ತು ಬೆಳಿಗ್ಗೆ ಇವಳು ಸಿಂಕಿನ ಮುಂದೆ ನಿಂತಿದ್ದು ಅದಕ್ಕೇ. ನೂಲಿನಂತೆ ಹರಿಯುತ್ತಿದ್ದ ನೀರು ಮರೆತು ಬಿಟ್ಟದ್ದಲ್ಲ, ಬೇಕೆಂದೇ ಬಿಟ್ಟದ್ದು.

ತೂವಾ ನನ್ನನ್ನು ಬಿಟ್ಟು ದಾಗ್ನಿಯ ಮುಂದೆ ಮಂಡಿಯೂರಿ ಕೂತಳು. "ಚಳಿಗೆ ಅಂತ ಬಿಟ್ರಾ ದಾಗ್ನಿ?"

ದಾಗ್ನಿ ಸ್ಸುಪ್ ಎಂದು ಉಸಿರು ಒಳಗೆಳೆದುಕೊಂಡಳು.

ತೂವಾ ಈ ಸಲ ಬೆಚ್ಚಲಿಲ್ಲ. ಕಣ್ಣು ಒರೆಸಿಕೊಂಡು ಬರೆದಳು, ತುಂಬ ಹೊತ್ತು ಬರೆದಳು. ನಾನು ಕಾಫಿ ಮಾಡಿದೆ. ಮೂರು ಉಕ್ಕು. ದಾಗ್ನಿಯ ಲೋಟಕ್ಕೆ ಚೀಸ್ ಹೆಚ್ಚು ಹಾಕಿದೆ.

ಹೊರಡುವಾಗ ತೂವಾ ಬಾಗಿಲಲ್ಲಿ ಮತ್ತೆ ಅದನ್ನೇ ಕೇಳಿದಳು: "ಎವರ್ಟ್, ನಾನು ಏನೇ ಬರೆದ್ರೂ ಇದನ್ನ ಕೇಳ್ತಾರೆ. ನಿಮಗೆ ಬೇಕಾ?"

"ಬಚ್ಚಲ ಬಾಗಿಲು ಕಿರಿದು. ಬಡಗಿ ಬೇಕು" ಎಂದೆ. ಅವಳು ನಕ್ಕು ಅದನ್ನೂ ಬರೆದುಕೊಂಡಳು. ಯಾಕೆ ನಕ್ಕಳೋ.

ಫೆಬ್ರವರಿ 20, ಗುರುವಾರ

ಹಂದಿ ಮಾಂಸದ ಚೂರು ತುಂಬಿದ ಆಲೂಗಡ್ಡೆ ಕಡುಬು ಮಾಡಿದೆ. ಒಬ್ಬನಿಗೆ ಮಾಡುವ ಅಳತೆ ನನಗೆ ಗೊತ್ತಿಲ್ಲ, ಹೆಚ್ಚಾಯಿತು. ಸ್ಟೂರೆಗೆ ಕೊಟ್ಟೆ. ನೀನು ತಂದ ವಾಷರ್ ಕಸಕ್ಕೆ ಹೋಯಿತು ಎಂದೆ. "ದಾಗ್ನಿ ಎಸೆದಳಾ? ಹಾಗಾದ್ರೆ ಅವಳಿಗೆ ಏನೂ ಆಗಿಲ್ಲ ಬಿಡು" ಎಂದ.

ಮಾರ್ಚ್ 4, ಮಂಗಳವಾರ

ಇವತ್ತು ಕೆನೆ ತುಂಬಿದ ಬನ್ನು ತಿನ್ನುವ ಹಬ್ಬ. ಎರಡು ತೆಗೆದುಕೊಂಡು ಆಸ್ಪತ್ರೆಗೆ ಹೋದೆ. ದಾಗ್ನಿಯ ಮೂಗಿಗೆ ಕೆನೆ ಮೆತ್ತಿತು. ಒರೆಸಲು ಹೋದರೆ ನನ್ನ ಮೂಗಿಗೂ ಮೆತ್ತಿದಳು.

ಪುರಸಭೆಯ ಹೆಂಗಸು ಫೋನು ಮಾಡಿದ್ದಳು. ದಾಗ್ನಿ ಮನೆಗೆ ಬರಬಹುದು. ದಿನಕ್ಕೆ ಎರಡು ಸಲ ಸಹಾಯಕ್ಕೆ ಜನ. ಆಕೆಯೂ ಅದೇ ಪ್ರಶ್ನೆ ಕೇಳಿದಳು. ಸ್ಸುಪ್ ಎಂದೆ. ನಮ್ಮ ಕಡೆಯವಳೇ, ಬಿಡಿಸಿ ಹೇಳಬೇಕಾಗಲಿಲ್ಲ.

ಮಾರ್ಚ್ 15, ಶನಿವಾರ

ಬಡಗಿ ಬಂದು ಬಚ್ಚಲ ಬಾಗಿಲು ಅಗಲ ಮಾಡಿದ. ನಮ್ಮ ಮಂಚವನ್ನು ಕಳಚಿ, ಸ್ಟೂರೆಯೂ ನಾನೂ ಕೆಳಗಿನ ಕೋಣೆಗೆ ಇಳಿಸಿದೆವು. ಮೆಟ್ಟಿಲಲ್ಲಿ ಅವನ ಬೈಗುಳ ಇಡೀ ಬೀದಿಗೆ ಕೇಳಿಸಿರಬೇಕು. ರಾತ್ರಿ ಅಲ್ಲೇ ಮಲಗಿದೆ, ಗೋಡೆಯ ಕಡೆಯ ಅರ್ಧದಲ್ಲಿ. ಅಡುಗೆಮನೆಯ ಬಾಗಿಲು ತೆರೆದಿಟ್ಟರೆ ನಲ್ಲಿ ಅಲ್ಲಿಗೂ ಕೇಳುತ್ತದೆ.

ಮಾರ್ಚ್ 22, ಶನಿವಾರ

ಸೊನ್ನೆಯ ಮೇಲೆ ಮೂರು. ಸೂರಿನಿಂದ ಹಿಮ ಕರಗಿ ಇಳಿಯುತ್ತಿದೆ. ದಾಗ್ನಿ ಬರುವುದು ಗುರುವಾರ.

ಸ್ಟೂರೆ ಬಂದು ಸಿಂಕಿನ ಮುಂದೆ ನಿಂತ. "ಚಳಿ ಹೋಯ್ತಲ್ಲೋ, ಇದನ್ನ ಇನ್ನೂ ಯಾಕೆ ಬಿಟ್ಟಿದ್ದೀಯ? ಮುಚ್ಚು."

"ಬೇಡ. ತೆರೆದವಳು ಅವಳು, ಅವಳೇ ಮುಚ್ಚಲಿ" ಎಂದೆ. ಕಾಫಿಗೆ ನೀರಿಟ್ಟೆ.